ಕಡಲಿನ ಕರೆ, ಬಾನಿನ ಕರೆ



ಬಿಡದಿ ಎಂದ ಕೂಡಲೇ ಬೆಂಗಳೂರು–ಮೈಸೂರು ರಸ್ತೆಯ ಪ್ರಯಾಣಿಕರಿಗೆ ನೆನಪಾಗುವುದು ತಟ್ಟೆ ಇಡ್ಲಿ. ಆದರೆ ಈ ಊರಿನ ಆಸುಪಾಸಿನಲ್ಲಿ ಇನ್ನೊಂದು ತಟ್ಟೆಯೂ ಇದೆ. ಅದರ ಅಡ್ಡಳತೆ 32 ಮೀಟರ್. ಬ್ಯಾಲಾಳು ಗ್ರಾಮದಲ್ಲಿ ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆ, ಅಂದರೆ ಇಸ್ರೋ, ನಿಲ್ಲಿಸಿರುವ ಆ ಬಿಳಿಯ ಆಂಟೆನಾವನ್ನು ನಿಮ್ಮಲ್ಲಿ ಹಲವರು ದೂರದಿಂದ ನೋಡಿರಬಹುದು. 2008ರ ಅಕ್ಟೋಬರ್‌ನಲ್ಲಿ, ಚಂದ್ರಯಾನ-1 ಹೊರಡುವುದಕ್ಕೆ ಕೆಲವೇ ದಿನ ಮೊದಲು, ಅದು ಸೇವೆಗೆ ಸಿದ್ಧವಾಯಿತು. ಮಂಗಳಯಾನದ ಮಾತನ್ನೂ ಚಂದ್ರಯಾನ-3ರ ಮಾತನ್ನೂ ಕೇಳಿಸಿಕೊಂಡ ಕಿವಿ ಅದು.

ಅಷ್ಟು ದೊಡ್ಡ ತಟ್ಟೆ ಏಕೆ ಬೇಕಾಯಿತು? ಮಂಗಳನ ಬಳಿಯಿರುವ ಪುಟ್ಟ ನೌಕೆಯ ದನಿ ಇಲ್ಲಿಗೆ ತಲುಪುವಷ್ಟರಲ್ಲಿ ತೀರ ಕ್ಷೀಣವಾಗಿರುತ್ತದೆ. ಪಿಸುಮಾತನ್ನು ಕೇಳಲು ನಾವು ಕಿವಿಗೆ ಅಂಗೈ ಅಡ್ಡ ಹಿಡಿಯುವುದಿಲ್ಲವೇ, ಹಾಗೆ. ಮಾತನಾಡುವವನು ಚಿಕ್ಕವನಾದರೆ ಕೇಳುವವನ ಕಿವಿ ದೊಡ್ಡದಿರಬೇಕು. ಈ ಒಂದು ಮಾತನ್ನು ನೆನಪಿಟ್ಟುಕೊಳ್ಳಿ. ಇಂದಿನ ವಿಷಯದ ಅರ್ಧ ಭಾಗ ಇದರಲ್ಲೇ ಅಡಗಿದೆ.

ಇಂದಿನ ವಿಷಯ: ಹಡಗು ಮತ್ತು ವಿಮಾನಗಳಿಗೆ ಕೃತಕ ಉಪಗ್ರಹಗಳ ಮೂಲಕ ಸಂಪರ್ಕ ಕಲ್ಪಿಸುವ ವ್ಯವಸ್ಥೆಗಳು. ಇವೆರಡರಲ್ಲಿ ಸಾಮ್ಯವೇನು, ವ್ಯತ್ಯಾಸವೇನು? ಕಡಲಿನಿಂದ ಮುನ್ನೂರು ಕಿಲೋಮೀಟರ್ ದೂರದ ಬಿಡದಿಯಲ್ಲಿ ಕುಳಿತ ನಮಗೆ ಇದರಿಂದ ಏನು ಎಂದು ಕೇಳುವವರಿಗೆ ಉತ್ತರ ಕೊನೆಯಲ್ಲಿ ಸಿಗುತ್ತದೆ.

ಮೊದಲು, ಉಪಗ್ರಹವೇ ಏಕೆ ಎಂಬುದನ್ನು ನೋಡೋಣ. ಹಡಗುಗಳೂ ವಿಮಾನಗಳೂ ದಡದೊಡನೆ, ನಿಲ್ದಾಣದೊಡನೆ ಮಾತನಾಡಲು ಸಾಮಾನ್ಯವಾಗಿ ಬಳಸುವುದು ವಿ.ಎಚ್.ಎಫ್. ರೇಡಿಯೋ. ಈ ತರಂಗಗಳು ಹೆಚ್ಚುಕಡಿಮೆ ನೇರವಾಗಿ ಸಾಗುತ್ತವೆ. ಭೂಮಿಯೋ ದುಂಡಗಿದೆ. ಹಾಗಾಗಿ ಆಂಟೆನಾ ಎಷ್ಟು ಎತ್ತರದಲ್ಲಿದೆ ಎನ್ನುವುದರ ಮೇಲೆ ಅದರ ದಿಗಂತ ನಿಂತಿದೆ. ಲೆಕ್ಕ ಸುಲಭ: ಎತ್ತರವನ್ನು ಮೀಟರ್‌ನಲ್ಲಿ ತೆಗೆದುಕೊಂಡು, ಅದರ ವರ್ಗಮೂಲವನ್ನು 4.1ರಿಂದ ಗುಣಿಸಿದರೆ ರೇಡಿಯೋ ದಿಗಂತದ ದೂರ ಕಿಲೋಮೀಟರ್‌ನಲ್ಲಿ ದೊರೆಯುತ್ತದೆ.

ಮಲ್ಪೆಯ ಮೀನುಗಾರಿಕಾ ದೋಣಿಯೊಂದರ ಆಂಟೆನಾ ನೀರಿನಿಂದ 9 ಮೀಟರ್ ಎತ್ತರದಲ್ಲಿದೆ ಎನ್ನೋಣ. 9ರ ವರ್ಗಮೂಲ 3. ಅದರ ದಿಗಂತ ಸುಮಾರು 12 ಕಿ.ಮೀ. ದಡದಲ್ಲಿ 100 ಮೀಟರ್ ಎತ್ತರದ ಗೋಪುರವಿದ್ದರೆ ಅದರ ದಿಗಂತ 41 ಕಿ.ಮೀ. ಎರಡನ್ನೂ ಕೂಡಿಸಿದರೆ 53. ಅದಕ್ಕಿಂತ ದೂರ ಹೋದ ದೋಣಿಗೆ ದಡದ ಮಾತು ಕೇಳಿಸುವುದು ಕಷ್ಟ. ಇನ್ನು 10,000 ಮೀಟರ್ ಎತ್ತರದಲ್ಲಿ ಹಾರುವ ವಿಮಾನ? ಅದರ ದಿಗಂತ 410 ಕಿ.ಮೀ. ವಿಮಾನದ್ದು ಭಾಗ್ಯವೆನ್ನಬೇಡಿ. ಗಂಟೆಗೆ 900 ಕಿ.ಮೀ. ವೇಗದ ವಿಮಾನ ಆ ದೂರವನ್ನು ಅರ್ಧ ಗಂಟೆಯೊಳಗೆ ದಾಟುತ್ತದೆ. ಆಮೇಲೆ ಅದರ ಕೆಳಗೂ ನೀರೇ. ಎಚ್.ಎಫ್. ಎಂಬ ದೂರಗಾಮಿ ರೇಡಿಯೋ ಉಂಟು, ನಿಜ. ಆದರೆ ಅದು ವಾಯುಮಂಡಲದ ಮೇಲಿನ ಅಯಾನುಗೋಳದಿಂದ ಪುಟಿದು ಬರಬೇಕು. ಹಗಲೊಂದು ಬಗೆ, ಇರುಳೊಂದು ಬಗೆ. ಸೂರ್ಯ ಕೆರಳಿದ ದಿನ ಅದೂ ಕೈಕೊಡುತ್ತದೆ.

ಆದ್ದರಿಂದ ಗೋಪುರವನ್ನೇ ಆಕಾಶಕ್ಕೆ ಏರಿಸಬೇಕಾಯಿತು. ಆ ಗೋಪುರವೇ ಉಪಗ್ರಹ.

ಇಲ್ಲಿ ನಮ್ಮ ರಾಜ್ಯಕ್ಕೆ ಸಂಬಂಧಿಸಿದ ಒಂದು ಸಂಗತಿ ಇದೆ. 1975ರ ಆಗಸ್ಟ್‌ನಿಂದ 1976ರ ಜುಲೈವರೆಗೆ ಅಮೆರಿಕದ ಎ.ಟಿ.ಎಸ್.-6 ಎಂಬ ಉಪಗ್ರಹದ ಮೂಲಕ ಭಾರತದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟೆಲಿವಿಷನ್ ಕಾರ್ಯಕ್ರಮಗಳು ಬಂದವು. ಕರ್ನಾಟಕದಲ್ಲಿ ಅಂದಿನ ಗುಲ್ಬರ್ಗ, ಬಿಜಾಪುರ, ರಾಯಚೂರು ಜಿಲ್ಲೆಗಳ ಹಳ್ಳಿಗಳು ಅದರಲ್ಲಿ ಸೇರಿದ್ದವು. ತಂತಿಜಾಲರಿಯ 3 ಮೀಟರ್ ತಟ್ಟೆಗಳಲ್ಲಿ ನಮ್ಮ ರೈತರು ಆ ಚಿತ್ರಗಳನ್ನು ಹಿಡಿದರು. ನನ್ನಂಥ ಟೆಲಿವಿಷನ್ ನಿರ್ಮಾಪಕರಿಗೆ ಅದು ಮನೆದೇವರ ಕಥೆಯಿದ್ದಂತೆ. ಆದರೆ ಅದೇ ಉಪಗ್ರಹ ಹಡಗು ಮತ್ತು ವಿಮಾನಗಳ ಸಂಪರ್ಕದ ಪ್ರಯೋಗಗಳಿಗೂ ಬಳಕೆಯಾಗಿತ್ತು ಎಂಬುದು ಅನೇಕರಿಗೆ ತಿಳಿಯದು. ಅದು ಆಕಾಶದಲ್ಲಿ ಕೊಡೆಯಂತೆ ಬಿಚ್ಚಿಕೊಂಡ 9 ಮೀಟರ್ ಆಂಟೆನಾ ಹೊತ್ತಿತ್ತು. ಮೇಲಿನ ಕಿವಿ ದೊಡ್ಡದಾಯಿತು, ಕೆಳಗಿನ ತಟ್ಟೆ ಚಿಕ್ಕದಾಯಿತು. ಹಳ್ಳಿಗೆ ಟೆಲಿವಿಷನ್ ತಂದ ಸೂತ್ರವೇ ಹಡಗಿಗೂ ವಿಮಾನಕ್ಕೂ ಸಂಪರ್ಕ ತಂದ ಸೂತ್ರ.

ಮೊದಲು ಸೇವೆ ದೊರೆತದ್ದು ಹಡಗುಗಳಿಗೆ. 1976ರಲ್ಲಿ ಮೆರಿಸ್ಯಾಟ್ ಉಪಗ್ರಹಗಳು ಕೆಲಸ ಆರಂಭಿಸಿದವು. 1979ರಲ್ಲಿ ಹಲವು ದೇಶಗಳು ಸೇರಿ ಇನ್‌ಮಾರ್‌ಸ್ಯಾಟ್ ಸಂಸ್ಥೆಯನ್ನು ಸ್ಥಾಪಿಸಿದವು. 1982ರಿಂದ ಅದರ ಸೇವೆ ಹಡಗುಗಳಿಗೆ ಸಿಕ್ಕಿತು. ವಿಮಾನಗಳ ಸರದಿ ಬಂದದ್ದು ಅದರ ನಂತರ. ಏಕೆ ಈ ತಡ? ಉತ್ತರಕ್ಕಾಗಿ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಬೇಕು.

ಮೊದಲನೆಯದು ಜಾಗ. ಹಡಗಿನ ಮೇಲ್ಛಾವಣಿಯಲ್ಲಿ ಬಿಳಿಯ ಗುಮ್ಮಟಗಳನ್ನು ಚಿತ್ರಗಳಲ್ಲಿ ನೋಡಿದ್ದೀರಿ. ಅದರೊಳಗೆ ಒಂದು ಮೀಟರ್ ಆಸುಪಾಸಿನ ತಟ್ಟೆ ಇರುತ್ತದೆ. ಹಡಗು ಅಲೆಯ ಮೇಲೆ ಹೊರಳಿದಂತೆಲ್ಲ ಮೋಟಾರುಗಳು ಆ ತಟ್ಟೆಯನ್ನು ಎದುರು ದಿಕ್ಕಿಗೆ ತಿರುಗಿಸಿ ಉಪಗ್ರಹದ ಕಡೆಗೇ ನೆಟ್ಟಿರುತ್ತವೆ. ತುಂಬಿದ ಕೊಡ ಹೊತ್ತು ಏರುತಗ್ಗಿನಲ್ಲಿ ನಡೆಯುವ ಹೆಣ್ಣುಮಗಳ ಕತ್ತನ್ನು ಗಮನಿಸಿ. ಮೈ ಅಲುಗಿದರೂ ಕೊಡ ಅಲುಗುವುದಿಲ್ಲ. ವಿಮಾನಕ್ಕೆ ಇಂಥ ಗುಮ್ಮಟ ಹೊರುವ ಅನುಕೂಲವಿಲ್ಲ. ಗಾಳಿಯ ತಡೆ ಹೆಚ್ಚಿ ಇಂಧನ ಹೆಚ್ಚು ಸುಡುತ್ತದೆ. ಆದ್ದರಿಂದ ವಿಮಾನದ ಬೆನ್ನ ಮೇಲೆ ಚಪ್ಪಟೆಯಾದ, ಸಣ್ಣ ಉಬ್ಬಿನಂಥ ಆಂಟೆನಾ. ಹಲವು ಚಿಕ್ಕ ಆಂಟೆನಾಗಳ ಸಾಲಿಗೆ ಬೇರೆಬೇರೆ ಕಾಲಾಂತರದಲ್ಲಿ ಸಂಕೇತ ಕೊಟ್ಟು, ಯಾವ ಭಾಗವನ್ನೂ ತಿರುಗಿಸದೆ ಕಿರಣದ ದಿಕ್ಕನ್ನು ಬದಲಿಸುವ ವಿದ್ಯೆ ಇಲ್ಲಿ ನೆರವಿಗೆ ಬರುತ್ತದೆ.

ಎರಡನೆಯದು ಮಳೆ. ಇದನ್ನು ನಾನು ಸ್ವಂತ ಅನುಭವದಿಂದ ಹೇಳಬಲ್ಲೆ. ಕೆಲವು ವರ್ಷಗಳ ಹಿಂದೆ ಮಳೆಗಾಲದ ಸಂಜೆಯೊಂದರಲ್ಲಿ ನಾವು ನೇರ ಪ್ರಸಾರಕ್ಕೆಂದು ತಟ್ಟೆ ಹೊತ್ತ ವಾಹನ ನಿಲ್ಲಿಸಿದ್ದೆವು. ಕಾರ್ಯಕ್ರಮ ನಡುವಿನಲ್ಲಿದ್ದಾಗ ಕಪ್ಪು ಮೋಡವೊಂದು ಬಂದು ಸುರಿಯಿತು. ಚಿತ್ರ ಮೊದಲು ಚೂರುಚೂರಾಯಿತು, ಆಮೇಲೆ ನಿಂತೇ ಹೋಯಿತು. ಯಂತ್ರ ಕೆಟ್ಟಿರಲಿಲ್ಲ. 14 ಗಿಗಾಹರ್ಟ್ಸ್ ಆಸುಪಾಸಿನ ಕೆ.ಯು. ಪಟ್ಟಿಯ ತರಂಗಗಳನ್ನು ಮಳೆಹನಿಗಳು ಹೀರುತ್ತವೆ, ಚದುರಿಸುತ್ತವೆ. ಅದಕ್ಕಿಂತ ಹೆಚ್ಚಿನ ಆವರ್ತನದ ಕೆ.ಎ. ಪಟ್ಟಿಗೆ ಈ ಬಾಧೆ ಇನ್ನೂ ಹೆಚ್ಚು. ಆದರೆ 1.5 ಗಿಗಾಹರ್ಟ್ಸ್ ಆಸುಪಾಸಿನ ಎಲ್ ಪಟ್ಟಿಗೆ ಮಳೆಯ ಲೆಕ್ಕವೇ ಇಲ್ಲವೆನ್ನಬಹುದು. ಈಗ ಯೋಚಿಸಿ: ದೂರದ ಪಯಣದ ವಿಮಾನ ಬಹುಪಾಲು ಮಳೆಮೋಡಗಳ ಮೇಲೆ ಹಾರುತ್ತದೆ. ಹಡಗು ಯಾವಾಗಲೂ ಮೋಡದ ಕೆಳಗೇ. ಬಿರುಗಾಳಿ ಎದ್ದಾಗಲೇ ಹಡಗಿಗೆ ನೆರವು ಬೇಕು, ಬಿರುಗಾಳಿ ಎದ್ದಾಗಲೇ ಮಳೆಯೂ ಜೋರು. ಸುರಕ್ಷತೆಯ ಸಂದೇಶಗಳು ನಿಧಾನವಾದರೂ ನಂಬಿಕಸ್ಥವಾದ ಎಲ್ ಪಟ್ಟಿಯನ್ನು ಬಿಡದಿರುವುದಕ್ಕೆ ಇದೇ ಕಾರಣ. ಪ್ರಯಾಣಿಕರ ಇಂಟರ್‌ನೆಟ್ಟು, ಸಿನಿಮಾ ಎಲ್ಲ ಕೆ.ಯು. ಮತ್ತು ಕೆ.ಎ. ಪಟ್ಟಿಗಳಲ್ಲಿ.

2024ರ ನವೆಂಬರ್‌ನಲ್ಲಿ ಉಡಾವಣೆಯಾದ ಜಿಸ್ಯಾಟ್-ಎನ್2 ಈ ಕೆ.ಎ. ಪಟ್ಟಿಯ ಉಪಗ್ರಹ. ವಿಮಾನದೊಳಗಿನ ಇಂಟರ್‌ನೆಟ್ ಅದರ ಉದ್ದೇಶಗಳಲ್ಲಿ ಒಂದು. ಅಮೆರಿಕದ ರಾಕೆಟ್ಟಿನಿಂದ ಏರಿದ ಅದರ ಹತೋಟಿಯನ್ನು ವಹಿಸಿಕೊಂಡದ್ದು ನಮ್ಮ ಹಾಸನದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ.

ಮೂರನೆಯದು ಉಪಗ್ರಹದ ಎತ್ತರ. ಭೂಸ್ಥಿರ ಉಪಗ್ರಹ ಸಮಭಾಜಕದ ಮೇಲೆ ಸುಮಾರು 36,000 ಕಿ.ಮೀ. ಎತ್ತರದಲ್ಲಿದ್ದು, ಭೂಮಿಯೊಡನೆ ಸಮವಾಗಿ ಸುತ್ತುತ್ತದೆ. ನಮಗೆ ಅದು ನಿಂತಂತೆಯೇ ಕಾಣುತ್ತದೆ. ಇಂಥ ಮೂರು ನಾಲ್ಕು ಉಪಗ್ರಹಗಳಿದ್ದರೆ ಹೆಚ್ಚುಕಡಿಮೆ ಇಡೀ ಲೋಕಕ್ಕೆ ಸಾಕು. ತೊಡಕು ಎರಡು. ಮಾತು ಮೇಲೆ ಹೋಗಿ ಕೆಳಗೆ ಬರಲು 72,000 ಕಿ.ಮೀ. ಸಾಗಬೇಕು, ಬೆಳಕಿನ ವೇಗದಲ್ಲಿಯೂ ಸುಮಾರು ಕಾಲು ಸೆಕೆಂಡು. ಪ್ರಶ್ನೆ ಕೇಳಿ ಉತ್ತರ ಪಡೆಯುವಷ್ಟರಲ್ಲಿ ಅರ್ಧ ಸೆಕೆಂಡು. ಎರಡನೆಯ ತೊಡಕು, ಧ್ರುವಗಳು. 81 ಡಿಗ್ರಿ ಅಕ್ಷಾಂಶ ದಾಟಿದರೆ ಭೂಸ್ಥಿರ ಉಪಗ್ರಹ ದಿಗಂತದ ಕೆಳಗೆ ಮುಳುಗಿಬಿಡುತ್ತದೆ.

ಹಡಗುಗಳು ಉತ್ತರ ಧ್ರುವಕ್ಕೆ ಹೋಗುವುದು ಅಪರೂಪ. ವಿಮಾನಗಳು ಹೋಗುತ್ತವೆ. 2021ರ ಜನವರಿಯಲ್ಲಿ ಮಹಿಳಾ ಪೈಲಟ್‌ಗಳೇ ನಡೆಸಿದ ಏರ್ ಇಂಡಿಯಾ ವಿಮಾನವೊಂದು ಸ್ಯಾನ್ ಫ್ರಾನ್ಸಿಸ್ಕೋದಿಂದ ಹೊರಟು, ಉತ್ತರ ಧ್ರುವದ ಮೇಲಿಂದ ಸುಮಾರು 16,000 ಕಿ.ಮೀ. ಹಾರಿ, ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಇಳಿಯಿತು. ಇಂಥ ದಾರಿಯಲ್ಲಿ ಭೂಸ್ಥಿರ ಉಪಗ್ರಹವನ್ನು ನೆಚ್ಚಿ ಕೂರುವಂತಿಲ್ಲ. ಅಲ್ಲಿಗೆ ಬೇಕಾದದ್ದು ಇರಿಡಿಯಂನಂಥ ವ್ಯವಸ್ಥೆ. ಅದರ 66 ಉಪಗ್ರಹಗಳು 780 ಕಿ.ಮೀ. ಎತ್ತರದಲ್ಲಿ ಧ್ರುವದಿಂದ ಧ್ರುವಕ್ಕೆ ಸುತ್ತುತ್ತವೆ. ಒಂದು ಮರೆಯಾಗುವಷ್ಟರಲ್ಲಿ ಇನ್ನೊಂದು ಬಂದು ಮಾತನ್ನು ಕೈಗೆತ್ತಿಕೊಳ್ಳುತ್ತದೆ. ಹತ್ತಿರವಿರುವುದರಿಂದ ದೊಡ್ಡ ತಟ್ಟೆಯೂ ಬೇಡ.

ನಾಲ್ಕನೆಯದು ವೇಗ. ಇದನ್ನು ತಿಳಿಯಲು ನಮ್ಮ ಬಿಡದಿ ರೈಲು ನಿಲ್ದಾಣಕ್ಕೆ ಬನ್ನಿ. ಇಲ್ಲಿ ನಿಲ್ಲದ ಎಕ್ಸ್‌ಪ್ರೆಸ್ ರೈಲೊಂದು ಕೂಗುತ್ತಾ ಬರುತ್ತಿದೆ. ಹತ್ತಿರ ಬರುವಾಗ ಕೂಗು ತಾರಕದಲ್ಲಿರುತ್ತದೆ. ನಿಮ್ಮನ್ನು ದಾಟಿದ ಕ್ಷಣ ಒಂದು ಸ್ವರ ಇಳಿದಂತೆ ಕೇಳುತ್ತದೆ. ಕೂಗು ಬದಲಾಗಿಲ್ಲ, ರೈಲಿನ ಚಲನೆ ನಮಗೆ ಹಾಗೆ ಕೇಳಿಸುತ್ತಿದೆ. ಪಠ್ಯಪುಸ್ತಕದಲ್ಲಿ ಇದನ್ನೇ ಡಾಪ್ಲರ್ ಪರಿಣಾಮ ಎಂದು ಓದಿದ್ದೀರಿ.

ರೇಡಿಯೋ ತರಂಗಕ್ಕೂ ಇದೇ ನಿಯಮ. 1.6 ಗಿಗಾಹರ್ಟ್ಸ್ ತರಂಗ ಕಳಿಸುವ ಹಡಗು ಸೆಕೆಂಡಿಗೆ 10 ಮೀಟರ್ ವೇಗದಲ್ಲಿದ್ದರೆ ಆವರ್ತನದ ಪಲ್ಲಟ ಹೆಚ್ಚೆಂದರೆ ಸುಮಾರು 50 ಹರ್ಟ್ಸ್. ಸೆಕೆಂಡಿಗೆ 250 ಮೀಟರ್ ವೇಗದ ವಿಮಾನಕ್ಕೆ ಸುಮಾರು 1,300 ಹರ್ಟ್ಸ್. ಹಡಗಿನ ಯಂತ್ರ ಕಡೆಗಣಿಸಬಹುದಾದ ಸಂಗತಿಯನ್ನು ವಿಮಾನದ ಯಂತ್ರ ಪ್ರತಿಕ್ಷಣವೂ ಲೆಕ್ಕಹಾಕಿ ಸರಿಪಡಿಸಬೇಕು. ವಿಮಾನಕ್ಕೆ ಸೇವೆ ತಡವಾಗಿ ದೊರೆತದ್ದೇಕೆ ಎಂಬುದು ಈಗ ತಿಳಿಯಿತಲ್ಲವೇ? ಚಿಕ್ಕ ಆಂಟೆನಾ, ಹೆಚ್ಚಿನ ವೇಗ, ತೂಕಕ್ಕೆ ಮಿತಿ. ಕಷ್ಟಗಳು ಒಂದಕ್ಕೊಂದು ಜೊತೆಯಾದವು.

ಆದರೆ ಮಿತ್ರರೇ, ಸಂಪರ್ಕಕ್ಕೆ ತೊಡಕಾದ ಈ ಡಾಪ್ಲರ್ ಪಲ್ಲಟವೇ ಹುಡುಕುವವರಿಗೆ ಕೈದೀವಿಗೆಯಾಗಿದೆ. ಮತ್ತೆ ರೈಲಿನ ಬಳಿಗೆ ಹೋಗೋಣ. ಪ್ಲಾಟ್‌ಫಾರಂ ಮೇಲೆ ನಿಂತರೆ ಕೂಗು ಥಟ್ಟನೆ ಇಳಿಯುತ್ತದೆ. ಅರ್ಧ ಕಿಲೋಮೀಟರ್ ದೂರದ ಹೊಲದಲ್ಲಿ ನಿಂತರೆ ನಿಧಾನವಾಗಿ ಜಾರುತ್ತದೆ. ಅಂದರೆ ಕಣ್ಣು ಮುಚ್ಚಿಕೊಂಡೇ, ಕೂಗು ಯಾವಾಗ ಇಳಿಯಿತು ಎಂಬುದರಿಂದ ರೈಲು ನಮಗೆ ಅತಿ ಸಮೀಪ ಬಂದ ಕ್ಷಣವನ್ನೂ, ಎಷ್ಟು ಥಟ್ಟನೆ ಇಳಿಯಿತು ಎಂಬುದರಿಂದ ಹಳಿ ಎಷ್ಟು ದೂರವಿದೆ ಎಂಬುದನ್ನೂ ಹೇಳಬಹುದು. ಹೇಳಲಾಗದ್ದು ಒಂದೇ: ಹಳಿ ನಮ್ಮ ಎಡಕ್ಕಿದೆಯೋ ಬಲಕ್ಕಿದೆಯೋ?

ಈ ಉಪಾಯದ ಮೇಲೆ ನಿಂತದ್ದೇ ಕಾಸ್ಪಾಸ್–ಸಾರ್‌ಸ್ಯಾಟ್ ಎಂಬ ಅಂತರರಾಷ್ಟ್ರೀಯ ವ್ಯವಸ್ಥೆ. ಅಮೆರಿಕ, ಸೋವಿಯತ್ ಒಕ್ಕೂಟ, ಕೆನಡಾ, ಫ್ರಾನ್ಸ್ ದೇಶಗಳು ಸೇರಿ ಅದನ್ನು ಕಟ್ಟಿದವು. ಶೀತಲ ಸಮರದ ಕಾಲದಲ್ಲಿ ಪರಸ್ಪರ ಕ್ಷಿಪಣಿ ಗುರಿಯಿಟ್ಟು ಕುಳಿತ ದೇಶಗಳು ಇವು! 1982ರ ಸೆಪ್ಟೆಂಬರ್‌ನಲ್ಲಿ ಕೆನಡಾದ ಬೆಟ್ಟಗಾಡಿನಲ್ಲಿ ಬಿದ್ದ ಚಿಕ್ಕ ವಿಮಾನವೊಂದರ ಸಂಕೇತವನ್ನು ಸೋವಿಯತ್ ಉಪಗ್ರಹ ಹಿಡಿಯಿತು. ಮೂವರ ಜೀವ ಉಳಿಯಿತು. ಈ ವ್ಯವಸ್ಥೆಯ ಮೊದಲ ಪಾರುಗಾಣಿಕೆ ಅದೇ.

ಹಡಗಿಗೂ ವಿಮಾನಕ್ಕೂ ಆಪತ್ಕಾಲದಲ್ಲಿ ಆವರ್ತನ ಒಂದೇ, 406 ಮೆಗಾಹರ್ಟ್ಸ್. ಕೇವಲ 5 ವ್ಯಾಟ್ ಶಕ್ತಿಯ ಪುಟ್ಟ ಯಂತ್ರ ಸುಮಾರು 50 ಸೆಕೆಂಡಿಗೊಮ್ಮೆ ಅರ್ಧ ಸೆಕೆಂಡು ಕೂಗುತ್ತದೆ. ಆದರೆ ಯಂತ್ರವನ್ನು ಎಬ್ಬಿಸುವ ಬಗೆ ಬೇರೆ. ಹಡಗಿನದು ನೀರಿನ ಒತ್ತಡಕ್ಕೆ ಏಳುತ್ತದೆ: ಹಡಗು ಮುಳುಗಿ ಕೆಲವು ಮೀಟರ್ ಆಳಕ್ಕೆ ಹೋಗುವಷ್ಟರಲ್ಲಿ ಹಿಡಿಕೆ ತಾನೇ ಬಿಚ್ಚಿಕೊಂಡು, ಯಂತ್ರ ಮೇಲಕ್ಕೆ ತೇಲಿಬಂದು ಕೂಗಲಾರಂಭಿಸುತ್ತದೆ. ವಿಮಾನದ್ದು ಅಪ್ಪಳಿಕೆಯ ಹೊಡೆತಕ್ಕೆ ಏಳುತ್ತದೆ. ಇಲ್ಲಿ ವಿಮಾನಕ್ಕೆ ನಷ್ಟವೇ ಹೆಚ್ಚು. ಅಪ್ಪಳಿಸಿದ ಹೊಡೆತಕ್ಕೆ ಆಂಟೆನಾ ಮುರಿದರೆ, ಅಥವಾ ವಿಮಾನ ನೇರ ನೀರಿಗೆ ಬಿದ್ದು ಮುಳುಗಿದರೆ ಕೂಗು ಹೊರಬರುವುದಿಲ್ಲ. ರೇಡಿಯೋ ತರಂಗ ಸಮುದ್ರದ ನೀರನ್ನು ಭೇದಿಸಿ ಬರಲಾರದು.

2014ರ ಮಾರ್ಚ್ 8ರಂದು ಮಲೇಷ್ಯಾ ಏರ್‌ಲೈನ್ಸ್‌ನ ಎಂ.ಎಚ್.370 ವಿಮಾನ 239 ಜನರೊಡನೆ ಕಾಣೆಯಾದಾಗ ಯಾವ ಆಪತ್ಕರೆಯೂ ಬರಲಿಲ್ಲ. ವಿಮಾನ ತನ್ನ ಸುದ್ದಿ ತಿಳಿಸುವ ಎಲ್ಲ ದಾರಿಗಳೂ ಮೌನವಾದವು. ಉಳಿದದ್ದು ಒಂದೇ: ಹಿಂದೂ ಮಹಾಸಾಗರದ ಮೇಲಿನ ಇನ್‌ಮಾರ್‌ಸ್ಯಾಟ್ ಉಪಗ್ರಹದ ಮೂಲಕ ಭೂಕೇಂದ್ರ ಸುಮಾರು ಗಂಟೆಗೊಮ್ಮೆ "ಇದ್ದೀಯಾ?" ಎಂದು ಕೇಳುತ್ತಿತ್ತು, ವಿಮಾನದ ಯಂತ್ರ "ಇದ್ದೇನೆ" ಎನ್ನುತ್ತಿತ್ತು. ಎಲ್ಲಿದ್ದೇನೆ ಎಂದು ಅದು ಹೇಳಲಿಲ್ಲ. ಉತ್ತರ ಬರಲು ಹಿಡಿದ ಕಾಲದಿಂದ ಉಪಗ್ರಹಕ್ಕೂ ವಿಮಾನಕ್ಕೂ ಇದ್ದ ದೂರವನ್ನು ತಜ್ಞರು ಅಳೆದರು. ಭೂಪಟದ ಮೇಲೆ ಬಾಗಿದ ರೇಖೆಗಳು ಮೂಡಿದವು. ವಿಮಾನ ಉತ್ತರಕ್ಕೆ ಹೋಯಿತೋ, ದಕ್ಷಿಣಕ್ಕೋ? ರೈಲುಹಳಿ ಎಡಕ್ಕೋ ಬಲಕ್ಕೋ ಎಂಬ ಅದೇ ಪ್ರಶ್ನೆ. ಅದನ್ನು ಬಿಡಿಸಿದ್ದು ಆವರ್ತನದ ಸಣ್ಣ ಪಲ್ಲಟ: ದಕ್ಷಿಣಕ್ಕೆ. ಕೆಲವು ಚೂರುಗಳು ಆಫ್ರಿಕಾದ ಕಡೆಯ ತೀರಗಳಲ್ಲಿ ದೊರೆತವೇ ಹೊರತು ವಿಮಾನದ ಮುಖ್ಯ ಭಾಗ ದೊರೆತಿಲ್ಲ. ಇದರಿಂದ ಲೋಕ ಕಲಿತ ಪಾಠವೆಂದರೆ, ಸಾಗರದ ಮೇಲೆ ಹಾರುವ ದೊಡ್ಡ ವಿಮಾನಗಳ ಸ್ಥಾನ ಕನಿಷ್ಠ 15 ನಿಮಿಷಕ್ಕೊಮ್ಮೆಯಾದರೂ ತಿಳಿಯಬೇಕು ಎಂಬ ನಿಯಮ. 2018ರ ನವೆಂಬರ್‌ನಿಂದ ಅದು ಜಾರಿಗೆ ಬಂದಿತು.

ಹಡಗುಗಳಿಗೆ ಇಂಥ ನಿಯಮ ಅದಕ್ಕೂ ಮೊದಲೇ ಬಂದಿತ್ತು. 1999ರ ಫೆಬ್ರವರಿ 1ರಿಂದ ವಿದೇಶಯಾನದ 300 ಟನ್ನೇಜ್ ಮತ್ತು ಮೇಲ್ಪಟ್ಟ ಹಡಗುಗಳಿಗೆ ಜಾಗತಿಕ ಆಪತ್ಕಾಲೀನ ಸಂಪರ್ಕ ವ್ಯವಸ್ಥೆ ಪೂರ್ಣವಾಗಿ ಕಡ್ಡಾಯವಾಯಿತು. ಮೋರ್ಸ್ ಕಟ್ಟುಕಟೆಗಳ ಕಾಲ ಮುಗಿಯಿತು. ಆರಂಭದಲ್ಲಿ ಇದರ ಉಪಗ್ರಹ ಸಂಪರ್ಕದ ಹೊಣೆ ಇನ್‌ಮಾರ್‌ಸ್ಯಾಟ್‌ನದು ಮಾತ್ರ. 2020ರಿಂದ ಇರಿಡಿಯಂ ಕೂಡ ಜೊತೆಗೂಡಿದೆ.

ಹಾಗಾದರೆ 300 ಟನ್ನಿಗಿಂತ ಚಿಕ್ಕದಾದ ದೋಣಿಗಳ ಗತಿ? ನಿಜವಾದ ಪ್ರಶ್ನೆ ಇಲ್ಲಿದೆ.

2018ರ ಡಿಸೆಂಬರ್‌ನಲ್ಲಿ 'ಸುವರ್ಣ ತ್ರಿಭುಜ' ಎಂಬ ಮೀನುಗಾರಿಕಾ ದೋಣಿ ಮಲ್ಪೆ ಬಂದರಿನಿಂದ ಹೊರಟಿತು. ಅದರಲ್ಲಿ ಉಡುಪಿ ಮತ್ತು ಉತ್ತರ ಕನ್ನಡ ಜಿಲ್ಲೆಗಳ 7 ಮೀನುಗಾರರಿದ್ದರು. ಹೊರಟ ಕೆಲವೇ ದಿನಗಳಲ್ಲಿ ಸಂಪರ್ಕ ಕಡಿಯಿತು. ಕರಾವಳಿಯ ಮೀನುಗಾರರು ಬೀದಿಗಿಳಿದು ಕೇಳಿದರು, ಹಡಗುಗಳೂ ವಿಮಾನಗಳೂ ಹುಡುಕಿದವು. 2019ರ ಮೇ ತಿಂಗಳಲ್ಲಿ ನೌಕಾಪಡೆಯ ಐ.ಎನ್.ಎಸ್. ನಿರೀಕ್ಷಕ್ ಮಹಾರಾಷ್ಟ್ರದ ಮಾಲ್ವಣದ ಆಚೆ ಸಮುದ್ರದ ತಳದಲ್ಲಿ ಅದರ ಅವಶೇಷವನ್ನು ಕಂಡಿತು. ನಾಲ್ಕು ತಿಂಗಳಿಗೂ ಮೀರಿ ಏಳು ಮನೆಗಳು ಬಾಗಿಲ ಕಡೆ ಕಣ್ಣಿಟ್ಟು ಕುಳಿತಿದ್ದವು.

ಆ ದೋಣಿಗೆ ಏನಾಯಿತು ಎಂದು ತೀರ್ಪು ಹೇಳುವುದು ನಮ್ಮ ಕೆಲಸವಲ್ಲ. ಆದರೆ ಒಂದು ಲೆಕ್ಕ ಮಾಡಬಹುದು. ದೋಣಿ ಎಲ್ಲಿದೆ ಎಂಬುದು 100 ಕಿ.ಮೀ. ತ್ರಿಜ್ಯದೊಳಗೆ ಮಾತ್ರ ತಿಳಿದಿದ್ದರೆ ಹುಡುಕಬೇಕಾದ ವಿಸ್ತೀರ್ಣ 31,400 ಚದರ ಕಿ.ಮೀ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳೆಲ್ಲ ಸೇರಿದ ನಮ್ಮ ಜಿಲ್ಲೆಯಂಥ ಸುಮಾರು ಒಂಬತ್ತು ಜಿಲ್ಲೆಗಳಷ್ಟು. ಉಪಗ್ರಹಕ್ಕೆ ಕೂಗು ಕೇಳಿ, 5 ಕಿ.ಮೀ. ತ್ರಿಜ್ಯದೊಳಗೆ ಸ್ಥಾನ ಗೊತ್ತಾದರೆ? ಸುಮಾರು 78 ಚದರ ಕಿ.ಮೀ. ನಾನೂರರಲ್ಲಿ ಒಂದು ಪಾಲು. ನೀರಿನಲ್ಲಿ ಬಿದ್ದವನಿಗೆ ಉಳಿದಿರುವುದು ಗಂಟೆಗಳು. ಆ ಗಂಟೆಗಳನ್ನು ವಿಸ್ತೀರ್ಣ ನುಂಗಬಾರದು.

ಇಲ್ಲಿ ಒಂದು ತಪ್ಪು ಕಲ್ಪನೆಯನ್ನು ತಿದ್ದಬೇಕು. "ದೋಣಿಯಲ್ಲಿ ಜಿ.ಪಿ.ಎಸ್. ಇತ್ತಲ್ಲ, ಹುಡುಕುವುದೇನು ಕಷ್ಟ?" ಎಂದು ಹಲವರು ಕೇಳುತ್ತಾರೆ. ಜಿ.ಪಿ.ಎಸ್. ಯಂತ್ರ ಉಪಗ್ರಹಗಳ ಮಾತನ್ನು ಕೇಳುತ್ತದೆ, ತಾನು ಏನನ್ನೂ ಹೇಳುವುದಿಲ್ಲ. ನಾನೆಲ್ಲಿದ್ದೇನೆ ಎಂದು ನನಗೆ ತಿಳಿಯುತ್ತದೆ; ನಿಮಗೆ ತಿಳಿಯುವುದಿಲ್ಲ. ನಮ್ಮ ನಾವಿಕ್ ವ್ಯವಸ್ಥೆಯ ಕಥೆಯೂ ಮೂಲತಃ ಇದೇ. ಅದರ ಸಂಚಾರ ಕೇಂದ್ರ 2013ರ ಮೇ ತಿಂಗಳಲ್ಲಿ ಇದೇ ಬ್ಯಾಲಾಳಿನಲ್ಲಿ ಆರಂಭವಾಯಿತು. ವಿಮಾನಗಳಿಗೆ ಇಳಿಯುವ ದಾರಿಯನ್ನು ನಿಖರವಾಗಿ ತೋರಿಸುವ ಗಗನ್ ವ್ಯವಸ್ಥೆಯ ನಿಯಂತ್ರಣ ಕೇಂದ್ರ ಬೆಂಗಳೂರಿನ ಕುಂದಲಹಳ್ಳಿಯಲ್ಲಿದೆ. 2022ರ ಏಪ್ರಿಲ್‌ನಲ್ಲಿ ರಾಜಸ್ಥಾನದ ಕಿಶನ್‌ಗಢದಲ್ಲಿ ಇಂಡಿಗೋ ವಿಮಾನವೊಂದು ಅದರ ನೆರವಿನಿಂದ ಇಳಿಯಿತು. ಇವೆಲ್ಲ ದಾರಿ ತೋರಿಸುವ ವ್ಯವಸ್ಥೆಗಳು. ಸಂಪರ್ಕವೆಂದರೆ ಬೇರೆ. ಅದಕ್ಕೆ ಕಿವಿಯೂ ಬೇಕು, ಬಾಯಿಯೂ ಬೇಕು.

ನಮ್ಮ ಮೀನುಗಾರರಿಗೆ ಇವೆರಡೂ ಒಟ್ಟಿಗೆ ಸಿಕ್ಕಿರಲಿಲ್ಲ. ಇಸ್ರೋ ರೂಪಿಸಿದ ಆಪತ್ಕರೆ ಯಂತ್ರ 2010ರಿಂದ ಬಳಕೆಯಲ್ಲಿತ್ತು. ಬೆಂಕಿ, ಮುಳುಗಡೆ, ಅನಾರೋಗ್ಯ, ಏನೇ ಆದರೂ ಗುಂಡಿ ಒತ್ತಿದರೆ ಸಂದೇಶ ಉಪಗ್ರಹಕ್ಕೆ ಹೋಗುತ್ತಿತ್ತು. ಆದರೆ ತಲುಪಿತೇ ಇಲ್ಲವೇ ಎಂದು ಒತ್ತಿದವನಿಗೆ ತಿಳಿಯುವ ಬಗೆ ಇರಲಿಲ್ಲ. ಬಾಯಿ ಇತ್ತು, ಕಿವಿ ಇರಲಿಲ್ಲ. 2017ರ ಓಖಿ ಚಂಡಮಾರುತದಲ್ಲಿ ಕೇರಳ, ತಮಿಳುನಾಡಿನ ಅನೇಕ ಮೀನುಗಾರರು ಮುನ್ಸೂಚನೆ ತಲುಪದ ದೂರದಲ್ಲಿ ಸಿಕ್ಕಿಬಿದ್ದರು. ಅದಾದ ಮೇಲೆ, 2019ರಲ್ಲಿ, ಜೆಮಿನಿ ಎಂಬ ಯಂತ್ರ ಬಂದಿತು. ಗಗನ್ ಉಪಗ್ರಹದಿಂದ ಬಿರುಗಾಳಿಯ ಎಚ್ಚರಿಕೆ ಹಿಡಿದು ಮೊಬೈಲಿಗೆ ಕೊಡುವ ಯಂತ್ರ. ಈಗ ಕಿವಿ ಬಂತು, ಬಾಯಿ ಇಲ್ಲ! 2024ರಲ್ಲಿ ಇಸ್ರೋ ತಂದ ಎರಡನೆಯ ತಲೆಮಾರಿನ ಆಪತ್ಕರೆ ಯಂತ್ರದಲ್ಲಿ ಎರಡೂ ಕೂಡಿವೆ. ಕರೆ ಮೇಲೆ ಹೋಗುತ್ತದೆ. "ನಿಮ್ಮ ಕರೆ ಬಂದಿದೆ" ಎಂಬ ಉತ್ತರ ನಾವಿಕ್ ಮೂಲಕ ಕೆಳಗೆ ಬರುತ್ತದೆ. ಅದೇ ವರ್ಷ ಆಗಸ್ಟ್‌ನಲ್ಲಿ ಒಂದು ಲಕ್ಷ ದೋಣಿಗಳಿಗೆ ಉಪಗ್ರಹ ಸಂಪರ್ಕದ ಯಂತ್ರ ಅಳವಡಿಸುವ ರಾಷ್ಟ್ರೀಯ ಯೋಜನೆಯೂ ಆರಂಭವಾಯಿತು.

ಈಗ ಆರಂಭದ ಪ್ರಶ್ನೆಗೆ ಬರೋಣ. ಬಿಡದಿಗೂ ಕಡಲಿಗೂ ಏನು ಸಂಬಂಧ? ಅರಬ್ಬಿ ಸಮುದ್ರದಲ್ಲಿ ಗುಂಡಿ ಒತ್ತಿದ ಮೀನುಗಾರನ ಕರೆಯಾಗಲಿ, ಹಿಂದೂ ಮಹಾಸಾಗರದ ಹಡಗಿನ ಅಥವಾ ವಿಮಾನದ ಆಪತ್ಕರೆಯಾಗಲಿ, ಉಪಗ್ರಹದಿಂದ ಇಳಿದು ಬರುವುದು ಬೆಂಗಳೂರಿಗೆ. ಇಸ್ರೋದ ಇಸ್ಟ್ರಾಕ್ ಕೇಂದ್ರದಲ್ಲಿರುವ ಭಾರತೀಯ ಮಿಷನ್ ನಿಯಂತ್ರಣ ಕೇಂದ್ರ ಅದನ್ನು ಬಿಡಿಸಿ ಓದುತ್ತದೆ. ಯಾರ ಯಂತ್ರ, ಎಲ್ಲಿಂದ ಎಂದು ಗುರುತಿಸಿ, ಕಡಲಿನದಾದರೆ ಕರಾವಳಿ ರಕ್ಷಣಾ ಪಡೆಗೆ, ವಿಮಾನದ್ದಾದರೆ ವಿಮಾನಯಾನದ ರಕ್ಷಣಾ ಕೇಂದ್ರಗಳಿಗೆ ತಿಳಿಸುತ್ತದೆ. ಬ್ಯಾಲಾಳಿನ ತಟ್ಟೆಯೂ ಅದೇ ಇಸ್ಟ್ರಾಕ್ ಬಳಗದ್ದು. ಸಮುದ್ರವನ್ನೇ ಕಾಣದ ನಮ್ಮ ಬಯಲುಸೀಮೆಯಲ್ಲಿ ಯಾರೋ ಒಬ್ಬ ಎಂಜಿನಿಯರ್ ಇರುಳಿಡೀ ಎಚ್ಚರವಿದ್ದು ಕಡಲಿನ ಕೂಗಿಗೆ ಕಿವಿಗೊಟ್ಟಿರುತ್ತಾನೆ, ಇಲ್ಲವೇ ಕಿವಿಗೊಟ್ಟಿರುತ್ತಾಳೆ.

ಒಟ್ಟಿನಲ್ಲಿ ಹೇಳುವುದಾದರೆ, ಹಡಗಿಗೆ ಜಾಗವಿದೆ, ಕಾಲವಿದೆ. ಆದರೆ ಮಳೆ ಮತ್ತು ಅಲೆಗಳ ಕಾಟ. ವಿಮಾನಕ್ಕೆ ಮೋಡಗಳ ಮೇಲಿನ ತಿಳಿಯಾದ ಆಕಾಶವಿದೆ. ಆದರೆ ಜಾಗವಿಲ್ಲ, ಕಾಲವಿಲ್ಲ. ನಮ್ಮ ರಕ್ಷಣಾ ಪಡೆಗಳು 2013ರಲ್ಲಿ ನೌಕಾಪಡೆಗೆಂದು ಜಿಸ್ಯಾಟ್-7, 2018ರಲ್ಲಿ ವಾಯುಪಡೆಗೆಂದು ಜಿಸ್ಯಾಟ್-7ಎ ಎಂದು ಬೇರೆಬೇರೆ ಉಪಗ್ರಹಗಳನ್ನು ಪಡೆದವು. ಆಪತ್ತು ಬಂದಾಗ ಮಾತ್ರ ಎರಡರ ಕೂಗೂ ಒಂದೇ ಆವರ್ತನದಲ್ಲಿ, ಒಂದೇ ಕಿವಿಗೆ.

ನಿಮಗೊಂದು ಕೆಲಸ. ಇಬ್ಬರು ಸ್ನೇಹಿತರು ಸೇರಿ, ಒಬ್ಬರು ನಿಲ್ದಾಣದಲ್ಲಿ ಹಳಿಯಿಂದ ಸುರಕ್ಷಿತ ದೂರದಲ್ಲಿ, ಇನ್ನೊಬ್ಬರು ಊರಿನ ದೂರದ ಹೊಲದಲ್ಲಿ ನಿಂತು, ಒಂದೇ ರೈಲಿನ ಕೂಗನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿ. ಎರಡನ್ನೂ ಕೇಳಿ, ಕೂಗು ಇಳಿದ ಬಗೆಯನ್ನು ಕಾಗದದ ಮೇಲೆ ರೇಖೆಯಾಗಿ ಬರೆಯಿರಿ. ಕಡಿದಾದ ರೇಖೆ ಯಾರದು, ಓರೆಯಾದ ರೇಖೆ ಯಾರದು ಎಂದು ನೋಡಿ. ಉಪಗ್ರಹ ಮುಳುಗುವವನ ಜಾಡು ಹಿಡಿಯುವ ವಿದ್ಯೆಯ ಮೊದಲ ಪಾಠ ಅದು. ಮುಂದಿನ ಪಾಠಗಳನ್ನು ಕಲಿತು ನಿಮ್ಮಲ್ಲಿ ಒಬ್ಬರಾದರೂ ಆ ಇರುಳಿನ ಕುರ್ಚಿಯಲ್ಲಿ ಕೂರುವಂತಾದರೆ, ಮಲ್ಪೆಯ ಮನೆಯೊಂದು ನೆಮ್ಮದಿಯಾಗಿ ನಿದ್ರಿಸುತ್ತದೆ.